ಬಾಣಂತಿ ಮನೆಯ ಹೀಟ್ ಪಂಪು

ಕಂಪ್ಯೂಟರ್ ಕೆಲಸದವರಿಗೆ ಐದು ವರ್ಷಕ್ಕೆಂದು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಜರ್ಮನಿಗೆ ಬಂದ ನಾಲ್ಕನೇ ವರ್ಷ, ಹೆಂಡತಿಗೆ ಐದು ತಿಂಗಳಾಗಿದ್ದಾಗ, ಸಿಂಡೆಲ್‌ಫಿಂಗೆನ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ನಾನು ಮನೆ ಕೊಂಡೆ. ಸಾಲಾಗಿ ಕಟ್ಟುತ್ತಿದ್ದ ಆರು ಮನೆಗಳಲ್ಲಿ ಕೊನೆಯದು. ಇನ್ನೂ ಚಾವಣಿ ಬಿದ್ದಿರಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬೆಂಗಳೂರಿನ ಗೆಳೆಯ ಸುದ್ದಿ ಕೇಳಿ ತಲೆ ಚಚ್ಚಿಕೊಂಡ. "ಗುರು, ನಿನ್ ವೀಸಾ ಇರೋದು ಐದು ವರ್ಷಕ್ಕೆ. ಆಮೇಲೆ ಮನೇನ ಏನ್ ಸೂಟ್‌ಕೇಸಲ್ಲಿ ಹಾಕ್ಕೊಂಡ್ ಹೋಗ್ತೀಯಾ?" ಹೊಸ ಕಾನೂನು ಬರುತ್ತದಂತೆ, ಇರಲು ಬಿಡುತ್ತಾರಂತೆ ಎಂಬ ಅಂತೆಕಂತೆಗಳ ಮೇಲೆ ನಾವೆಲ್ಲ ಬದುಕುತ್ತಿದ್ದ ಕಾಲ ಅದು.

ಆದರೆ ನನ್ನ ತಲೆ ಕೆಡಿಸಿದ್ದು ವೀಸಾ ಅಲ್ಲ. ಮನೆ ಬೆಚ್ಚಗಿಡಲು ಗ್ಯಾಸ್ ಬೇಕೋ, ಹೀಟ್ ಪಂಪು ಬೇಕೋ, ಎರಡು ವಾರದಲ್ಲಿ ಹೇಳಿ ಎಂದು ಕಟ್ಟುವವರು ಕಾಗದ ಕಳಿಸಿದ್ದರು. ಹೀಟ್ ಪಂಪು ಕೂರಿಸುವ ಮನುಷ್ಯ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು ಒಂದು ಗಂಟೆ ವಿವರಿಸಿದ. ಅಂಗಳದಲ್ಲಿ ಆಳವಾಗಿ ಕೊರೆಯುತ್ತೇವೆ, ನೆಲದೊಳಗೆ ಚಳಿಗಾಲದಲ್ಲೂ ಹತ್ತು ಡಿಗ್ರಿ ಇರುತ್ತದೆ, ಆ ಶಾಖವನ್ನು ಮೇಲೆತ್ತಿ ನೀರಿಗೆ ಕೊಡುತ್ತೇವೆ, ಆ ನೀರು ನಿಮ್ಮ ಮನೆಯ ನೆಲದಡಿಯ ಪೈಪುಗಳಲ್ಲಿ ಓಡಾಡುತ್ತದೆ, ಮನೆ ಇಪ್ಪತ್ತೆರಡು ಡಿಗ್ರಿ ಆಗುತ್ತದೆ. ನಾನು "ಗೆನಾವ್, ಗೆನಾವ್", ಹೌದು ಹೌದು, ಎಂದು ಎಲ್ಲ ತಿಳಿದವನ ಹಾಗೆ ತಲೆ ಆಡಿಸಿದೆ. ಹತ್ತರಿಂದ ಇಪ್ಪತ್ತೆರಡು ಎಲ್ಲಿಂದ ಹುಟ್ಟಿತು? ಬಿಇ ಮೆಕ್ಯಾನಿಕಲ್ ಓದಿದ ನನಗೆ ಸುಡುಗಾಡು ಒಂದೂ ನೆನಪಾಗಲಿಲ್ಲ. ಗ್ಯಾಸಿನವನು ಬಂದು ಹೀಟ್ ಪಂಪು ಹುಚ್ಚಾಟ ಅಂದ. ಪಕ್ಕದ ಮನೆ ಕೊಂಡಿದ್ದ ಮಾಸ್ತರರು ಗ್ಯಾಸ್ ಹಳೆಯ ಕಾಲದ್ದು ಅಂದರು. ಕೊನೆಗೆ ನಿರ್ಧಾರ ಮಾಡಿದವಳು ನನ್ನ ಹೆಂಡತಿ.

"ಗ್ಯಾಸ್ ಬ್ಯಾಡ್ರಿ. ಕೂಸು ಇರೋ ಮನಿ. ತಳಮನ್ಯಾಗ ಇಪ್ಪತ್ನಾಕ ತಾಸು ಉರಿ ಹತ್ತಿರಬೇಕಂದ್ರ ನನಗ ನಿದ್ದಿ ಬರೂದಿಲ್ಲ."

ಧಾರವಾಡದಲ್ಲಿದ್ದ ತನ್ನ ತಾಯಿಗೆ, ನನ್ನ ಅತ್ತೆಗೆ, ಫೋನಿನಲ್ಲಿ ಅಂಗಳದಲ್ಲಿ ಬೋರು ಹೊಡೆಸುತ್ತಿದ್ದೇವೆ ಎಂದು ಹೇಳಿದಳು. ಅವರು ಕಾಯಿ ಒಡೆದೇ ಮಷೀನು ಇಳಿಸಬೇಕು ಎಂದು ಹಟ ಹಿಡಿದರು. ಸ್ಟುಟ್‌ಗಾರ್ಟಿನ ತಮಿಳರ ಅಂಗಡಿಯಿಂದ ತೆಂಗಿನಕಾಯಿ ತಂದು ಒಡೆದೆವು. ಕೊರೆಯುವವರು ಟೋಪಿ ತೆಗೆದು ಕೈಕಟ್ಟಿ ನಿಂತರು. ಸಂಜೆ ಅತ್ತೆ ಮತ್ತೆ ಫೋನು ಮಾಡಿದರು.

"ನೀರು ಬಿತ್ತೇನ್ರಿ ಅಳಿಯಾರ?"

"ಇಲ್ರಿ ಅತ್ತಿ, ನೀರು ಬೀಳಬಾರದು. ಬಿದ್ರ ತ್ರಾಸು."

ಅವರು ಫೋನನ್ನು ಮಗಳಿಗೆ ಕೊಡಿ ಅಂದರು. ಅಳಿಯನ ತಲೆ ನೆಟ್ಟಗಿಲ್ಲ ಅಂದುಕೊಂಡಿರಬೇಕು.

ಅಕ್ಟೋಬರಿನಲ್ಲಿ ಒಕ್ಕಲಾದೆವು. ನವೆಂಬರಿನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಅತ್ತೆ ಮೂರು ತಿಂಗಳ ವೀಸಾದ ಮೇಲೆ ಬಂದರು. ಅಂಟಿನುಂಡೆ, ಬಜೆ, ಲೋಬಾನ, ಕೂಸಿಗೆ ಹಳೆಯ ಮೆತ್ತನೆಯ ಸೀರೆಯ ದುಪಟಿ, ಎಲ್ಲ ಹೊತ್ತು ತಂದಿದ್ದರು. ಬಾಣಂತಿಗೆ ಗಾಳಿ ತಾಗಬಾರದು, ಕೂಸಿನ ಅಂಗಾಲು ತಣ್ಣಗಿರಬಾರದು. ಅವರ ಶಾಸ್ತ್ರವೆಲ್ಲ ಇವೆರಡೇ ಮಾತಿನಲ್ಲಿತ್ತು.

ಆದರೆ ನಮ್ಮ ಹೊಸ ಮನೆ ಬೆಚ್ಚಗಾಗಲೇ ಇಲ್ಲ. ನೆಲಕ್ಕೆ ಕಾಲಿಟ್ಟರೆ ಉಗುರುಬೆಚ್ಚಗೂ ಇಲ್ಲ. ಹೊರಗೆ ಹಿಮ, ಒಳಗೆ ಸ್ವೆಟರಿನ ಮೇಲೆ ಶಾಲು. ಅಂಗಡಿಯಿಂದ ತಂದ ಫ್ಯಾನ್ ಹೀಟರು ಗರ್ ಅಂದರೆ ಕೂಸು ಬೆಚ್ಚಿ ಅಳುತ್ತಿತ್ತು, ಆರಿಸಿದರೆ ಕೋಣೆ ಮತ್ತೆ ತಣ್ಣಗೆ. ಅತ್ತೆ ಕೂಸನ್ನು ತಮ್ಮ ಎದೆಗೆ ಅವಚಿ ಸೆರಗು ಸುತ್ತಿಕೊಂಡು ಹಗಲೆಲ್ಲ ಕೂತಿರುತ್ತಿದ್ದರು.

ಮನೆಗೇ ಬಂದು ತಾಯಿ ಮಗುವನ್ನು ನೋಡಿಹೋಗುವ ಸೂಲಗಿತ್ತಿಗೆ ಇಲ್ಲಿ ಹೆಬಾಮೆ ಅನ್ನುತ್ತಾರೆ. ಆಕೆ ಕೂಸನ್ನು ತೂಗಿದಳು, ಮತ್ತೊಮ್ಮೆ ತೂಗಿದಳು. "ತೂಕ ಏರುತ್ತಿಲ್ಲ. ಕುಡಿದ ಹಾಲೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಹೋಗುತ್ತಿದೆ. ಮುಂದಿನ ಬುಧವಾರದೊಳಗೆ ಮನೆ ಬೆಚ್ಚಗಾಗದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ" ಅಂದಳು. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಹೀಟ್ ಪಂಪಿನ ಆ ಪೆನ್ಸಿಲ್ಲಿನ ಮನುಷ್ಯನಿಗೆ ನಾನು ಮತ್ತೆ ಫೋನು ಮಾಡಿದೆ.

ಅವನನ್ನು ಅದಕ್ಕೂ ಮೊದಲೇ ಎರಡು ಸಲ ಕರೆಸಿ ಕೂಗಾಡಿದ್ದೆ. ಎರಡೂ ಸಲ ಶುಕ್ರವಾರ ಸಂಜೆ ಬಂದ, ಎರಡೂ ಸಲ ಪಂಪು ಗುಂಯ್ ಎಂದು ನೆಟ್ಟಗೆ ಓಡುತ್ತಿತ್ತು. ಅವನು ಬಂದಾಗ ಸರಿ, ಅವನು ಹೋದರೆ ಕೆಡುತ್ತದೆ. ಇದೆಂಥ ಶನಿ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ. ಮೂರನೆಯ ಶುಕ್ರವಾರ ತಳಮನೆಗೆ ಇಳಿದವನು ಪಂಪನ್ನು ಮುಟ್ಟಲೇ ಇಲ್ಲ. ಮಷೀನು ಒಟ್ಟು ಎಷ್ಟು ತಾಸು ಓಡಿದೆ ಎಂದು ತೋರಿಸುವ ಮೀಟರನ್ನು ನೋಡಿ, ಹಿಂದಿನ ವಾರ ತಾನು ಬರೆದಿಟ್ಟುಕೊಂಡಿದ್ದಕ್ಕೆ ತಾಳೆ ಹಾಕಿದ.

"ವಾರದ ತಾಸುಗಳಲ್ಲಿ ಅರ್ಧದಷ್ಟೇ ಓಡಿದೆ, ಸಂಜೆ ನಾನು ಬಂದಾಗಲೆಲ್ಲ ಓಡುತ್ತಿತ್ತು, ಅಂದರೆ ಇದು ಹಗಲು ಪೂರ್ತಿ ನಿಂತಿರುತ್ತದೆ. ಯಾರೋ ಆರಿಸುತ್ತಿದ್ದಾರೆ. ನೆಲ ಕಾಯಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಸಂಜೆ ಹಾಕಿ ಬೆಳಿಗ್ಗೆ ಆರಿಸಿದರೆ ಎಂದೂ ಕಾಯುವುದಿಲ್ಲ."

ಹಗಲು ಮನೆಯಲ್ಲಿ ಇರುವವರು ಯಾರು? ಹಾಸಿಗೆ ಬಿಟ್ಟೇಳದ ಬಾಣಂತಿ, ಮತ್ತು ಅತ್ತೆ. ನನಗೆ ನೆತ್ತಿಗೇರಿತು. ಮೆಟ್ಟಿಲು ಹತ್ತಿ ಬಂದು, ಆ ಹೊರಗಿನವನ ಎದುರಿಗೇ, "ಅತ್ತಿ, ಮಷೀನು ನೀವು ಆರಸ್ತೀರೇನು?" ಎಂದು ಗದರಿದೆ.

ಅವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. "ಹೌದ್ರಿ," ಅಂದರು. "ನಾನs ಆರಿಸಿರಬೇಕು."

ಅದನ್ನು ಜರ್ಮನಿನಲ್ಲಿ ಹೇಳಿದಾಗ ಅವನು ನಕ್ಕು, ಅಜ್ಜಿಯರು ಹಾಗೆಯೇ ಅಂದು ಹೊರಟುಹೋದ. ಹೆಂಡತಿ ಮಾತ್ರ ನಗಲಿಲ್ಲ. "ಅವ್ವಾ, ನನ್ನ ಕೂಸು ಸಾಯ್ತಿತ್ತಲ್ಲs! ತಿಳೀದ ವಸ್ತು ಯಾಕ ಮುಟ್ಟಿದಿ?" ಎಂದು ಚೀರಿದಳು. ಆಮೇಲೆ ತಾಯಿಯ ಜೊತೆ ಮಾತು ಬಿಟ್ಟಳು. ಅತ್ತೆ ಖಾರದ ಅನ್ನದ ತಟ್ಟೆ ಹಾಸಿಗೆಯ ಪಕ್ಕದಲ್ಲಿಟ್ಟು ಹೊರಗೆ ಬರುತ್ತಿದ್ದರು. ಅತ್ತೆಯ ಮೇಲೆ ಕಣ್ಣಿಡಬೇಕೆಂದು ಶನಿವಾರ, ಭಾನುವಾರ ನಾನು ದಿನಾ ಹೋಗುವ ತಳಮನೆಯ ಬಚ್ಚಲಿಗೆ ಇಳಿಯದೆ ಮೇಲಿನ ಬಚ್ಚಲಲ್ಲೇ ಮಿಂದೆ. ನೆಲ ಮೆಲ್ಲಗೆ ಬೆಚ್ಚಗಾಗತೊಡಗಿತು. ನೋಡಿದಿರಾ, ನನ್ನ ಲೆಕ್ಕಾಚಾರವೇ ಸರಿ ಎಂದು ಬೀಗಿದೆ.

ಸೋಮವಾರ ಬೆಳಿಗ್ಗೆ ಮೇಲೆ ಕೂಸಿಗೆ ಎರೆಯುವ ತಯಾರಿ ನಡೆದಿತ್ತು, ಹಾಗಾಗಿ ಎಂದಿನಂತೆ ತಳಮನೆಯ ಬಚ್ಚಲಿಗೆ ಹೋದೆ. ಮಿಂದು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಬಂದೆ. ಟಪ್ ಎಂದು ಸಪ್ಪಳವಾಯಿತು. ಗುಂಯ್ಗುಡುವುದು ನಿಂತಿತು. ನೋಡುತ್ತೇನೆ, ನನ್ನದೇ ಕೈ ಬಾಗಿಲ ಪಕ್ಕದಲ್ಲಿದ್ದ ಪಂಪಿನ ಕೆಂಪು ಸ್ವಿಚ್ಚಿನ ಮೇಲೆ.

ಹುಬ್ಬಳ್ಳಿಯಲ್ಲಿ ನಮ್ಮ ಗೀಜರಿನ ಸ್ವಿಚ್ಚು ಹೀಗೆಯೇ ಬಚ್ಚಲ ಹೊರಗೆ, ಬಲಗಡೆಗೆ ಇತ್ತು. ಜಳಕ ಆದ ಮೇಲೆ ಆರಿಸದಿದ್ದರೆ ಸಿಡಿದು ಮನೆ ಹಾರಿಹೋಗುತ್ತದೆ ಎಂದು ಬೈಸಿಕೊಂಡೇ ಬೆಳೆದವನು ನಾನು. ಮುಂಜಾನೆ ಮಿಂದು ಆರಿಸುವುದು, ಸಂಜೆ ಕೈಕಾಲು ತೊಳೆಯಲು ಹೋಗುವಾಗ ಹಾಕುವುದು. ದಿನಾ ಇದನ್ನೇ ಮಾಡಿದ್ದೆ. ತಲೆಗೆ ಸುದ್ದಿಯೇ ಇಲ್ಲದಂತೆ ಕೈ ಮಾಡಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಸ್ವಿಚ್ಚು ಹಾಕಿ, ಒದ್ದೆ ಮೈಯಲ್ಲೇ ಮೇಲೆ ಓಡಿದೆ. ಅತ್ತೆ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದರು.

"ಅತ್ತಿ, ಆರಸ್ತಿದ್ದಾಂವ ನಾನು."

"ಗೊತ್ತದರಿ. ದಿನಾ ಮುಂಜಾನೆ ಸಪ್ಪಳಾ ಕೇಳ್ತಿತ್ತು. ನೀವು ಎಂಜಿನಿಯರು, ಅದನ್ನ ಹಂಗs ಆರಸಬೇಕು ಅಂತ ತಿಳದಿದ್ದೆ."

"ಮತ್ತ ಅವತ್ತು ಯಾಕ ನಾನs ಅಂದ್ರಿ?"

"ಆ ಮನುಷ್ಯಾನ ಮುಂದ ನಿಮ್ಮ ಮಾನ ಹೋಗಬೇಕೇನು? ನೀವು ಇಲ್ಲೆ ಬಾಳ್ವೆ ಮಾಡಾವ್ರು. ನಾ ಏನು, ನಾಳೆ ಎದ್ದು ಊರಿಗೆ ಹೋಗಾಕಿ." ಪಾತ್ರೆಯ ಮುಚ್ಚಳ ಸರಿಸಿ ನೀರು ನೋಡಿದರು. "ಅಕಿಗೆ ಹೇಳಬ್ಯಾಡ್ರಿ. ಹಸೀ ಬಾಣಂತಿ. ನನ್ನ ಮ್ಯಾಲಿನ ಸಿಟ್ಟು ಹೆಂಗೂ ಇಳೀತದ, ಗಂಡನ ಮ್ಯಾಲಿಂದು ಉಳೀತದ."

ನಾನು ಹೇಳಲಿಲ್ಲ. ಅವರು ಬೇಡ ಅಂದರೆಂದಲ್ಲ, ನನಗೆ ಅದೇ ಅನುಕೂಲವಾಗಿತ್ತು. ಎರಡು ದಿನ ಆ ಮುದುಕಿ ತನ್ನ ಮಗಳ ಮುನಿಸು ಹೊತ್ತು ಮನೆಯಲ್ಲಿ ಓಡಾಡಿದರು, ನಾನು ಆಫೀಸಿಗೆ ಹೋಗಿಬಂದೆ.

ಬುಧವಾರ ಹೆಬಾಮೆ ಬಂದಳು. ನೆಲ ಬೆಚ್ಚಗಿತ್ತು. ಕೂಸಿನ ತೂಕ ಏರಿತ್ತು. ಹೆಂಡತಿ ಹೇಳಿದ ಕಾರಣ ಕೇಳಿ ಆಕೆ ಖುಷಿಯಿಂದ ಅತ್ತೆಯ ಕಡೆ ನೋಡಿ, "ಪಂಪು ಆರಿಸುತ್ತಿದ್ದದ್ದು ಅಜ್ಜಿಯಂತೆ, ಹೌದೇ?" ಎಂದು ಜರ್ಮನಿನಲ್ಲಿ ಕೇಳಿದಳು. ಅತ್ತೆಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಆಕೆ ನಗುತ್ತಿದ್ದಾಳೆಂದು ತಾವೂ ನಕ್ಕು ತಲೆಯಾಡಿಸಿದರು. ಆ ತಲೆಯಾಡಿಸುವುದನ್ನು ನನ್ನಿಂದ ನೋಡಲಾಗಲಿಲ್ಲ.

"ಅಲ್ಲ," ಅಂದೆ. "ನಾನು. ದಿನಾ ನಾನೇ."

ಜರ್ಮನಿನಲ್ಲೇ ಅಂದಿದ್ದೆ, ಆದರೆ ಹೆಂಡತಿಗೆ ಜರ್ಮನ್ ಚೆನ್ನಾಗಿ ಬರುತ್ತಿತ್ತು. ಅವಳು ಹಾಸಿಗೆಯಲ್ಲಿ ಎದ್ದು ಕೂತಳು. ನನ್ನ ಕಡೆ ನೋಡಲೇ ಇಲ್ಲ. ತಾಯಿಯನ್ನೇ ನೋಡುತ್ತ ಕೂತವಳು, ಆಮೇಲೆ, "ಅವ್ವಾ, ನೀ ಉಂಡೇನು?" ಎಂದು ಕೇಳಿದಳು.