ಹಲ್ಲಿನ ಯಜಮಾನರ ರಾಣಿ

ಆ ಬೀದಿಯಲ್ಲಿ ಅರವತ್ತು ದಾಟಿದವರು ಬಾಯಿ ತುಂಬ ನಗುತ್ತಿದ್ದರೆ ಆ ನಗುವಿನಲ್ಲಿ ಅರ್ಧ ಪಾಲು ಹಲ್ಲಿನ ಯಜಮಾನರದ್ದು. ಮೂವತ್ತೊಂದು ವರ್ಷ ಅವರು ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು, ಮೇಣ ಕಾಯಿಸಿ, ಅಚ್ಚು ತೆಗೆದು, ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟರು. ಅವರೇ ನಕ್ಕದ್ದನ್ನು ಮಾತ್ರ ಕಂಡವರಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಹೋಗುವವನ ಬಾಯಲ್ಲಿ ಯಾವ ಹಲ್ಲು ಹುಟ್ಟಿದ್ದು, ಯಾವುದು ಕಟ್ಟಿಸಿದ್ದು ಎಂದು ಈಚೆಯಿಂದಲೇ ಹೇಳಬಲ್ಲವರು. ಇಂಥ ಕಣ್ಣಿರುವವರ ಮನೆಗೆ ಸೊಸೆಯಾಗಿ ಬಂದವಳ ಪಾಡನ್ನು ನೀವೇ ಊಹಿಸಿಕೊಳ್ಳಿ.

ನಾಲ್ಕು ವರ್ಷದಲ್ಲಿ ಮಾವ ಅವಳೊಂದಿಗೆ ಆಡಿದ್ದು ಮೂರೇ ಮಾತು. ‘ನೀರು’, ‘ಸಾಕು’, ‘ಬಾಗಿಲು’. ಮಗನ ಹತ್ತಿರ ಹೇಳುವಾಗ ಅವಳು ಬರೀ ‘ಇವಳು’. ಗಂಡನಿಗೆ ಇದೆಲ್ಲ ತಮಾಷೆ. ಚಿಕ್ಕವನಿದ್ದಾಗ ಅವನು ಅಪ್ಪನ ಅಚ್ಚೊಂದನ್ನು ಒಡೆದು ಮಂಚದ ಕೆಳಗೆ ಬಚ್ಚಿಟ್ಟಿದ್ದನಂತೆ. ಅಪ್ಪ ತುಟಿ ಪಿಟಕ್ಕೆನ್ನದೆ ಎಂದಿನಂತೆ ಶಾಲೆಗೆ ಬಿಟ್ಟು, ಎಂದಿನಂತೆ ಪಕ್ಕದಲ್ಲಿ ಕೂರಿಸಿಕೊಂಡು ಉಂಡು, ತಿಂಗಳು ಕಳೆದ ಮೇಲೆ ಒಂದು ದಿನ ಆ ಚೂರುಗಳನ್ನು ಅವನ ತಟ್ಟೆಯ ಪಕ್ಕ ತಂದಿಟ್ಟರಂತೆ. “ಆಮೇಲೆ ವಾರ ಪೂರ್ತಿ ನಂಗೆ ಊಟ ಇಳೀಲಿಲ್ಲ,” ಎಂದು ಹೇಳಿ ಅವನು ಬಿದ್ದು ಬಿದ್ದು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಕೈ ನಡುಗಲು ಶುರುವಾದ ಮೇಲೆ ಯಜಮಾನರು ಕೆಲಸ ಬಿಡಬೇಕಾಯಿತು. ತಮ್ಮ ಕೆಲಸದ ಮೇಜನ್ನು ಮನೆಗೆ ಹೊರಿಸಿಕೊಂಡು ಬಂದು ಕಿಟಕಿಯ ಹತ್ತಿರ ಹಾಕಿಸಿ, ಅದರ ಮುಂದೆ ಖಾಲಿ ಕೂತರು. ಹೀಗಿರುವಾಗ ಮೊದಲ ಮಳೆಯ ಮರುದಿನ ಮೆಟ್ಟಿಲ ಮೇಲಿಂದ ಅವರ ಕೂಗು ಕೇಳಿಸಿತು. ಹೋಗಿ ನೋಡಿದರೆ ಮಾವ ಮೊಣಕಾಲೂರಿ ಕೂತಿದ್ದಾರೆ, ಎದುರಿಗೆ ಒಂದು ದಪ್ಪ ಕಟ್ಟಿರುವೆ. ಹಿಡಿಯಹೋಗಿ ಎರಡು ಸಲ ಬೆರಳು ತಪ್ಪಿತ್ತು.

“ಹಿಡಿ. ಮೆಲ್ಲಗೆ,” ಎಂದರು. ಅವಳು ಅಂಗೈ ಬಟ್ಟಲು ಮಾಡಿ ಹಿಡಿದಳು. ಮೇಜಿನ ಮೇಲಿನ ಭೂತಗನ್ನಡಿಯ ಕೆಳಗೆ ಇಡಿಸಿ ತೋರಿಸಿದರು. “ಎದೆ ನೋಡು, ಗೂನು ಬಿದ್ದ ಹಾಗೆ ಉಬ್ಬಿದೆ. ಕೆಲಸದ ಇರುವೆಗೆ ಹೀಗಿರಲ್ಲ. ಪಕ್ಕದಲ್ಲಿ ಸಣ್ಣ ಕಲೆ ಇದೆಯಲ್ಲ, ಅದು ರೆಕ್ಕೆ ಇದ್ದ ಜಾಗ. ಮದುವೆ ಮುಗೀತು, ರೆಕ್ಕೆ ತಾನೇ ಉದುರಿಸ್ಕೊಂಡಿದೆ. ಇದು ರಾಣಿ.”

“ರೆಕ್ಕೆ ಇದ್ದಿದ್ರೆ ಮಾವ?”

“ಮದುವೆ ಆಗಿಲ್ಲ ಅಂತ. ಅದನ್ನ ಸಾಕಿ ಉಪಯೋಗ ಇಲ್ಲ.”

ಮೂರು ಮಾತಿನ ಮನುಷ್ಯ ಒಂದೇ ಉಸಿರಿಗೆ ಇಷ್ಟು ಮಾತಾಡಿದರು. ದಂತವೈದ್ಯರ ಹಳೇ ಪತ್ರಿಕೆಗಳಲ್ಲಿ ಓದಿಟ್ಟುಕೊಂಡದ್ದಂತೆ. ಅವರು ಹೇಳಿದ ಹಾಗೆ ಅವಳು ಗಾಜಿನ ಕೊಳವೆಯ ತಳಕ್ಕೆ ನೀರು ಹಾಕಿ, ಹತ್ತಿ ತುರುಕಿ, ರಾಣಿಯನ್ನು ಬಿಟ್ಟು, ಬಾಯಿಗೂ ಹತ್ತಿ ಇಟ್ಟಳು. ಊಟ ಬೇಡ, ರೆಕ್ಕೆಯ ಸ್ನಾಯುವನ್ನೇ ಕರಗಿಸಿಕೊಂಡು ಮೊದಲ ಮಕ್ಕಳನ್ನು ಸಾಕುತ್ತದೆ. ಬೆಳಕು ಬೇಡ, ಅಲುಗಾಟ ಬೇಡ. ಮೇಜಿನ ಡ್ರಾಯರಿನಲ್ಲಿ ಕೊಳವೆ, ಮೇಲೊಂದು ನೋಟುಪುಸ್ತಕ. ಬರೆಯುವುದು ಅವರು. ಹತ್ತಿ ಬದಲಿಸುವುದು, ಕೊಳವೆ ಎತ್ತುವುದು, ಚಿಮಟ ಹಿಡಿಯುವುದು ಎಲ್ಲ ಅವಳು. ಹನ್ನೆರಡನೆಯ ದಿನ ಏಳು ಮೊಟ್ಟೆ ಎಣಿಸಿದರು. ಅಂದು ಮೊದಲ ಬಾರಿ “ಬಾಮ್ಮ, ಕೂತ್ಕೊ” ಎಂದರು. ತವರಿನಲ್ಲೂ ಅವಳನ್ನು ಹಾಗೆ ಕರೆದು ಕೂರಿಸಿದವರಿರಲಿಲ್ಲ.

ಹದಿಮೂರನೆಯ ದಿನ ಮಗ ಅಪ್ಪನನ್ನು ಕೈ ತೋರಿಸಲು ಆಸ್ಪತ್ರೆಗೆ ಕರೆದೊಯ್ದ. ಇವಳು ಮೇಜು ಒರೆಸಲು ಹೋಗಿ ಡ್ರಾಯರು ಎಳೆದು, ಕೊಳವೆಯನ್ನು ಒಂದು ಗಳಿಗೆಗೆಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ನಲ್ಲಿಯಲ್ಲಿ ನೀರು ಬಂತು, ಎದುರು ಮನೆಯಾಕೆ ಬಾಗಿಲು ಬಡಿದು ಮಾತಿಗೆ ನಿಂತಳು. ಮರಳಿ ಬಂದಾಗ ಬಿಸಿಲು ನೇರ ಗಾಜಿನ ಮೇಲೆ ಬಿದ್ದಿತ್ತು. ರಾಣಿ ಕಾಲು ಮಡಚಿಕೊಂಡು ಅಂಗಾತ ಬಿದ್ದಿತ್ತು.

ಹೇಳಿಬಿಡಬೇಕೆಂದು ಅವಳು ಖಂಡಿತ ಅಂದುಕೊಂಡಳು. ಆದರೆ ಹೇಳಿದರೆ ಮತ್ತೆ ‘ನೀರು’, ‘ಸಾಕು’, ‘ಬಾಗಿಲು’. ಕೂತ್ಕೊ ಎಂದವರು ಮತ್ತೆ ಮುಖ ತಿರುಗಿಸುತ್ತಾರೆ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಮಧ್ಯಾಹ್ನ ಧಾರಾಕಾರ ಸುರಿದ ಮಳೆ ನಿಲ್ಲುತ್ತಲೇ ಗೋಡೆಯ ಸಂದಿಯಿಂದ ಕಟ್ಟಿರುವೆಗಳು ರೆಕ್ಕೆ ಕಟ್ಟಿಕೊಂಡು ಹೊರಬಂದವು. ದಪ್ಪದ್ದೊಂದನ್ನು ಹಿಡಿದಳು. ಮಾವನ ಮೇಣದ ಕೆಲಸದ ಚಿಮಟ ತೆಗೆದುಕೊಂಡು, ಭೂತಗನ್ನಡಿಯ ಕೆಳಗೆ, ನಾಲ್ಕು ರೆಕ್ಕೆಗಳನ್ನೂ ಒಂದೊಂದಾಗಿ ಕಿತ್ತಳು. ಅದು ಪ್ರತಿ ಸಲ ಚಿಮಟವನ್ನು ಕಚ್ಚಿತು. ಅವಳ ಕೈ ಮಾತ್ರ ಒಂದಿಷ್ಟೂ ನಡುಗಲಿಲ್ಲ. ಸತ್ತ ರಾಣಿಯನ್ನೂ ಬಾಡಿದ ಮೊಟ್ಟೆಗಳನ್ನೂ ಚೆಲ್ಲಿ, ಇದನ್ನು ಕೊಳವೆಗೆ ಬಿಟ್ಟು ಡ್ರಾಯರಿನಲ್ಲಿಟ್ಟಳು. ತಪ್ಪಲ್ಲವೇ ಎಂದರೆ ತಪ್ಪೇ, ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಸಂಜೆ ಮಾವ ಬಂದವರೇ ಡ್ರಾಯರು ತೆರೆದು, ಗಾಜಿಗೆ ಕಣ್ಣು ಕೊಟ್ಟು ಬಹಳ ಹೊತ್ತು ಕೂತರು. ಅವಳು ಬಾಗಿಲಲ್ಲಿ ನಿಂತು, “ಮೊಟ್ಟೆ ಕಾಣ್ತಿಲ್ಲ ಮಾವ,” ಎಂದಳು.

“ಬೆಳಕು ಬಿದ್ದಿರ್ಬೇಕು. ಹೆದರಿದ್ರೆ ತನ್ನ ಮೊಟ್ಟೆ ತಾನೇ ತಿಂತದೆ,” ಎಂದರು ಮಾವ. ಅವಳಿಗೆ ಹೋದ ಜೀವ ಬಂದಂತಾಯಿತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ದಿನವೂ ಹತ್ತು ಗಂಟೆಗೆ “ಬಾ ಮಗಳೇ” ಎಂಬ ಕರೆ. ಈ ರಾಣಿಯೂ ಮೊಟ್ಟೆ ಇಟ್ಟಿತು. ಮೊಟ್ಟೆ ಮರಿಹುಳುವಾಯಿತು, ಹುಳು ಗೂಡು ಕಟ್ಟಿಕೊಂಡಿತು. ಮಾವ ತಮ್ಮ ಬಾಲ್ಯ ಹೇಳಿದರು, ತೀರಿಹೋದ ಅತ್ತೆಯ ಮುಂಗೋಪ ಹೇಳಿದರು. ಒಮ್ಮೆ ಮುದುಕಿಯೊಬ್ಬಳು ತನ್ನ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ, ಇದು ನಮ್ಮ ನಾದಿನಿಯ ನಗು, ನನಗೆ ಬೇಡ ಎಂದು ವಾಪಸು ಕೊಟ್ಟ ಕಥೆ ಹೇಳಿದರು. ಅವಳು ನಕ್ಕಳು. ಅವರೂ ನಕ್ಕರು. ನಡುನಡುವೆ ಸುಮ್ಮನಾಗಿ, “ಮತ್ತೇನು ವಿಷಯ? ಹೇಳು,” ಎನ್ನುತ್ತಿದ್ದರು. ಅವಳು ಮನೆಯ ಅದೂ ಇದೂ ಹೇಳುತ್ತಿದ್ದಳು. ಅವಳು ಎದ್ದ ಮೇಲೆ ನೋಟುಪುಸ್ತಕ ತೆರೆದು ಏನೋ ಬರೆಯುತ್ತಿದ್ದರು. ಇರುವೆಯ ವಿಷಯವಿರಬೇಕೆಂದು ಅವಳು ಅಂದುಕೊಂಡಿದ್ದಳು.

ಮೊದಲ ಗೂಡು ಒಡೆದ ದಿನ ಅವಳಿಗಿಂತ ಮುಂಚೆ ಅವರು ನೋಡಿದ್ದರು. ಕರೆದು ಭೂತಗನ್ನಡಿಯನ್ನು ಅವಳ ಕಡೆ ತಿರುಗಿಸಿದರು. “ಏನು ಕಾಣ್ತದೆ, ಹೇಳು.”

“ಸಣ್ಣ ತಲೆ. ದೊಡ್ಡ ಕಣ್ಣು.” ಅವಳ ದನಿ ಇಳಿಯಿತು. “ರೆಕ್ಕೆ ಇದೆ.”

“ಅಂದ್ರೆ ಗಂಡು. ಇನ್ನು ಹುಟ್ಟೋವೂ ಅಷ್ಟೆ. ಮದುವೆ ಆಗದ ರಾಣಿಗೆ ಬರೀ ಗಂಡೇ ಹುಟ್ತವೆ. ಈಗ ಹೇಳು, ಮದುವೆ ಆಗದ್ದರ ರೆಕ್ಕೆ ಎಲ್ಲಿಗೆ ಹೋಯ್ತು?”

ಅವಳು ಬಾಯಿ ತೆರೆಯುವ ಮುಂಚೆಯೇ ಅವರು ನೋಟುಪುಸ್ತಕವನ್ನು ಅವಳ ಮುಂದೆ ಸರಿಸಿದರು. ಹದಿಮೂರನೆಯ ದಿನದ ಪುಟದಲ್ಲಿ ಸೊಟ್ಟಪಟ್ಟ ಅಕ್ಷರ: ‘ಇದು ಬೇರೆ. ರೆಕ್ಕೆ ಉದುರಿದ್ದಲ್ಲ, ಕಿತ್ತದ್ದು. ಬುಡದಲ್ಲಿ ಚೂರು ಉಳಿದಿದೆ.’ ಅದರ ಕೆಳಗೆ: ‘ಇವಳು ಹೇಳಲಿಲ್ಲ.’ ಪುಟ ತಿರುಗಿಸಿದಳು. ಎಡಕ್ಕೆ ಮೊಟ್ಟೆ, ಹುಳು, ಗೂಡು. ಬಲಕ್ಕೆ ದಿನವೂ ಒಂದೇ ಸಾಲು, ‘ಇವತ್ತೂ ಹೇಳಲಿಲ್ಲ.’ ಮುದುಕಿಯ ನಗುವಿನ ಕಥೆ ಹೇಳಿದ ದಿನವೂ ಅದೇ ಇತ್ತು. ಮಗಳೇ ಎಂದು ಕರೆದ ಬಾಯಿ ಪುಸ್ತಕದಲ್ಲಿ ಒಂದು ದಿನವೂ ‘ಇವಳು’ ಬಿಟ್ಟು ಬೇರೇನೂ ಬರೆದಿರಲಿಲ್ಲ. ಅರವತ್ತೆಂಟು ದಿನ.

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ ಬಂದ ಸಿಟ್ಟಿಗೆ ಮೈಯೆಲ್ಲ ಉರಿಯಿತು. ಅವಳು ಸುಳ್ಳು ಹೇಳಿದ್ದು ಒಂದು ಇರುವೆಯ ವಿಷಯದಲ್ಲಿ. ಇವರು ಹೇಳಿದ್ದು?

“ಹೇಳ್ತೀಯೇನೋ ಅಂತ ಕಾದೆ,” ಎಂದರು ಮಾವ. “ಹೇಳಿದ್ರೆ ಕ್ಷಮಿಸ್ತಿದ್ದೆ.”

“ಕೇಳಿದ್ರೆ ಅವತ್ತೇ ಹೇಳ್ತಿದ್ದೆ ಮಾವ. ದಿನಾ ಕೂರಿಸ್ಕೊಂಡು ಸಾಕಿದ್ದು ಯಾರನ್ನ, ಅದನ್ನೋ ನನ್ನನ್ನೋ?”

ಅವಳು ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು. ರಾತ್ರಿ ಗಂಡನಿಗೆ ಹೇಳಿದರೆ ಅವನು, “ನಂಗೆ ತಿಂಗಳು, ನಿಂಗೆ ಎರಡು ತಿಂಗಳ ಮೇಲೆ. ನೀನೇ ಗಟ್ಟಿಗಿತ್ತಿ,” ಎಂದು ನಕ್ಕ. ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಅವನು ಯಾಕೆ ನಗುತ್ತಿದ್ದ ಎಂದು ಆಗ ಅರ್ಥವಾಯಿತು.

ಮರುದಿನ ಹತ್ತು ಗಂಟೆಗೆ ಕರೆ ಬರಲಿಲ್ಲ. ಅವಳು ಲೋಟ ಒಯ್ದು ಮೇಜಿನ ಮೇಲಿಟ್ಟು, “ನೀರು,” ಎಂದಳು. ಅಷ್ಟೇ.

ನಾಲ್ಕು ದಿನಕ್ಕೆ ಕೊಳವೆಯ ಹತ್ತಿಗೆ ಬೂಷ್ಟು ಹಿಡಿಯಿತು. ಬದಲಿಸದಿದ್ದರೆ ಒಳಗಿದ್ದವೆಲ್ಲ ಸಾಯುವುದು ಖಂಡಿತ. ಯಜಮಾನರು ತಾವೇ ಚಿಮಟ ಹಿಡಿದರು. ಹತ್ತಿ ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು, ಚಿಮಟವೇ ಕೆಳಗೆ ಬಿತ್ತು. ಸೊಸೆ ಕೈ ಒರೆಸಿಕೊಂಡು ಬಾಗಿಲಲ್ಲಿ ಬಂದು ನಿಂತದ್ದನ್ನು ಅವರು ನೋಡಿದರು. ಅವಳಿಗೆ ಎರಡು ನಿಮಿಷದ ಕೆಲಸ. ಬಾಮ್ಮ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನುತ್ತಾರೇನೋ ಎಂದು ಅವಳು ಕಾದಳು.

ಅವರು ಬಗ್ಗಿ ಚಿಮಟ ಎತ್ತಿಕೊಂಡರು. ಒಲೆಯ ಮೇಲೆ ಅನ್ನ ಬೆಂದಿತ್ತು, ಅವಳು ಒಳಗೆ ಹೋಗಿ ಅದನ್ನು ಇಳಿಸಿದಳು.