ಜೊಂಡಿಗೆ ಉಣಬಡಿಸಿದವನು

ಹೋಲ್ಟೆಬೆಕ್ ಊರಿನ ಈಜುಕೊಳಕ್ಕೆ ಕ್ಲೋರಿನ್ ಹಾಕುವುದಿಲ್ಲ. ಕೊಳದ ನೀರು ಪಕ್ಕದ ಜೊಂಡಿನ ಮಡಿಗೆ ಹೋಗಿ, ಜಲ್ಲಿಯೊಳಗೆ ಇಳಿದು, ಬೇರುಗಳ ನಡುವೆ ಸೋಸಿಕೊಂಡು ಹಿಂದಿರುಗುತ್ತದೆ. ಈಜುವವರು ಬಿಟ್ಟ ಕೊಳೆಯನ್ನು ಜೊಂಡು ತಿನ್ನಬೇಕು. ತಿನ್ನಬೇಕಾದರೆ ಅದು ಹಸಿದಿರಬೇಕು. ಊರಿಗೆ ಈ ಮಾತು ಕಲಿಸಿದವನು ಎನ್ನೋ.

ಅವನು ಮೊದಲು ಪುರಸಭೆಯ ತೋಟಗಾರ. ಗುಲಾಬಿಗೂ ಹುಲ್ಲುಹಾಸಿಗೂ ಗೊಬ್ಬರ ಉಣಿಸಿಯೇ ಅರ್ಧ ಆಯುಸ್ಸು ಕಳೆದವನು. ಹಳೆಯ ಈಜುಕೊಳವನ್ನು ಮುಚ್ಚುತ್ತೇವೆಂದು ಪುರಸಭೆ ಹೇಳಿದಾಗ ಊರಿನವರು ಸಂಘ ಕಟ್ಟಿಕೊಂಡು ತಾವೇ ಕೊಳದ ಟೈಲ್ಸ್ ಕಿತ್ತರು, ಜಲ್ಲಿ ಹೊತ್ತರು. ಆಗ ಎನ್ನೋ ಗಿಡವನ್ನು ಹಸಿವಿನಲ್ಲಿಟ್ಟು ಸಾಕುವುದನ್ನು ಹೊಸದಾಗಿ ಕಲಿತ. ಕಲಿತದ್ದನ್ನು ಮತದಂತೆ ಪಾಲಿಸಿದ. ಬಾತುಕೋಳಿಗೆ ಬ್ರೆಡ್ ಎಸೆದ ಮುದುಕಿಯರು ಅವನ ಬಾಯಿಗೆ ಹೆದರುತ್ತಿದ್ದರು. ಅವನ ಹೆಂಡತಿ ಆಲ್ಮೂಟ್ ಬೇಸಿಗೆಯಿಡೀ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಮೈಗೆ ಬಿಸಿಲು ತಡೆಯುವ ಎಣ್ಣೆ ಬಳಿದುಕೊಂಡು ಬಂದ ಸ್ವಂತ ನಾದಿನಿಯನ್ನೇ, "ಮೊದ್ಲು ತೊಳ್ಕೊಂಡು ಬಾ, ಇದು ಸಾರಿನ ಪಾತ್ರೆ ಅಲ್ಲ" ಎಂದು ಹಿಂದಕ್ಕೆ ಕಳಿಸಿದವಳು ಅವಳು.

ವಯಸ್ಸಾದ ಮೇಲೆ ಎನ್ನೋನ ನೆನಪು ಕರಗತೊಡಗಿತು. ಹೊಸದಾಗಿ ಕಲಿತದ್ದು ಮೊದಲು ಹೋಯಿತು. ಮನೆಯಲ್ಲಿ ಅವನು ಒಲೆ ಆರಿಸಲು ಮರೆಯುತ್ತಿದ್ದ, ಮಗಳ ಗಂಡನನ್ನು ಅಂಚೆಯವನೆಂದು ತಿಳಿಯುತ್ತಿದ್ದ. ಕೊಳದ ಗೇಟು ದಾಟಿದರೆ ಮಾತ್ರ ನೆಟ್ಟಗೆ ನಡೆಯುತ್ತಿದ್ದ, ತೂಬು ತೆರೆಯುತ್ತಿದ್ದ, ತರಗೆಲೆ ಎತ್ತುತ್ತಿದ್ದ. ವೈದ್ಯರು ಏನೇ ಹೇಳಲಿ, ಆಲ್ಮೂಟ್ ಅವನ ಬಳಿಯಿದ್ದ ಕೊಳದ ಬೀಗದಕೈಯನ್ನು ಕಸಿದುಕೊಳ್ಳಲಿಲ್ಲ. ಅವನಲ್ಲಿ ಉಳಿದಿದ್ದ ಹಳೆಯ ಎನ್ನೋ ಆ ಬೇಲಿಯೊಳಗೆ ಮಾತ್ರ ಬದುಕಿದ್ದಾನೆ ಎಂದು ಅವಳಿಗೆ ಗೊತ್ತಿತ್ತು.

ಜುಲೈಯಲ್ಲಿ, ಶಾಲೆಗೆ ರಜೆ ಬಿಟ್ಟ ವಾರದಲ್ಲೇ, ನೀರು ಪಾಚಿಗಟ್ಟಿ ಹಸಿರಾಯಿತು. ತಳದಲ್ಲಿಟ್ಟ ತಟ್ಟೆ ದಂಡೆಯಿಂದ ಕಾಣದಿದ್ದರೆ ಯಾರನ್ನೂ ನೀರಿಗೆ ಬಿಡುವಂತಿಲ್ಲ. ತಟ್ಟೆ ಕಾಣಲಿಲ್ಲ. ಗೇಟು ಮುಚ್ಚಿತು. ಸಂಘದ ಅಧ್ಯಕ್ಷ ಫೋಲ್ಕ್‌ಮಾರ್ ನೀರನ್ನು ಪರೀಕ್ಷೆಗೆ ಕಳಿಸಿದ. ಗೊಬ್ಬರ ಸೇರಿದೆ ಎಂದು ಉತ್ತರ ಬಂತು. ಬೇಲಿಯಾಚೆಗೆ ಜೋಳ ಬೆಳೆಯುವ ಹಿನ್ರಿಕ್ ಮೇಲೆ ಎಲ್ಲರ ಕಣ್ಣು ಬಿತ್ತು.

ಅದೇ ಮಧ್ಯಾಹ್ನ ಆಲ್ಮೂಟ್ ಕೊಳದ ಸಾಮಾನಿನ ಕೋಣೆಗೆ ಪೊರಕೆ ತರಲು ಹೋದಳು. ಅಲ್ಲಿ ನೀಲಿ ಕಾಳಿನ ಗೊಬ್ಬರದ ಖಾಲಿ ಚೀಲಗಳನ್ನು ಮಡಿಸಿ, ದಾರ ಕಟ್ಟಿ ಇಟ್ಟಿತ್ತು. ಹಾಗೆ ದಾರ ಕಟ್ಟುವವನು ಊರಿಗೆ ಒಬ್ಬನೇ. ಅವಳು ಒಂದು ಚೀಲವನ್ನು ಕೈಗೆತ್ತಿಕೊಂಡಳು. ಹಿಂದೆ ಬಂದ ಎನ್ನೋ ಅವಳ ಕೈಲಿದ್ದ ಚೀಲ ನೋಡಿ ನಕ್ಕ.

"ಪಾಪ, ಸೊರಗಿ ಹೋಗಿತ್ತು ಜೊಂಡು. ಯಾರೂ ಅದಕ್ಕೆ ಏನೂ ಹಾಕ್ತಿರ್ಲಿಲ್ಲ, ನೋಡು."

ಸಂಜೆ ಹುಲ್ಲಿನ ಮೇಲೆ ಸಭೆ ಸೇರಿತು. ಕೊಳದ ಬಳಿಯ ಕರಿದ ಆಲೂಗಡ್ಡೆಯ ಅಂಗಡಿ ಮುಚ್ಚಿತ್ತು. ಜನ ಮನೆಯಿಂದಲೇ ಬಿಯರ್ ತಂದಿದ್ದರು.

"ಗೊಬ್ಬರ ಗಾಳೀಲಿ ಹಾರ್ಕೊಂಡು ಬಂತೇನಯ್ಯಾ, ಹಿನ್ರಿಕ್?" ಫೋಲ್ಕ್‌ಮಾರ್ ಕೇಳಿದ.

"ಬಂತು. ಗೇಟಲ್ಲಿ ಟಿಕೆಟ್ ತಗೊಂಡು, ಸ್ನಾನ ಮಾಡಿ, ಆಮೇಲೆ ಇಳೀತು."

"ಪೊಲೀಸರ ಹತ್ರ ಹೋಗೋಣ" ಎಂದಿತು ಹಿಂದಿನಿಂದ ಒಂದು ದನಿ. ಹಿನ್ರಿಕ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನ ಮೊಮ್ಮಕ್ಕಳಿಗೆ ಈಜು ಕಲಿಸಿದ್ದು ಇದೇ ಕೊಳ.

ಸುಮ್ಮನಿದ್ದರೆ ಎನ್ನೋನ ಬೀಗದಕೈ ಉಳಿಯುತ್ತಿತ್ತು. ಆಲ್ಮೂಟ್ ಎದ್ದು ನಿಂತಳು.

"ಹಿನ್ರಿಕ್‌ನ ಬಿಟ್ಬಿಡಿ. ಹಾಕಿದ್ದು ನನ್ನ ಗಂಡ. ಚೀಲ ನಾನೇ ಕಂಡಿದೀನಿ."

ಫೋಲ್ಕ್‌ಮಾರ್ ತಗ್ಗಿದ ದನಿಯಲ್ಲಿ, "ಬೀಗದಕೈ ನಾವು ಕೇಳೋದಾ, ನೀವೇ ಇಸ್ಕೋತೀರಾ, ಆಲ್ಮೂಟ್?" ಎಂದ.

"ನಾನೇ ಇಸ್ಕೋತೀನಿ."

ಮರುದಿನ ಬೆಳಿಗ್ಗೆ ಎನ್ನೋನ ತಲೆ ತಿಳಿಯಾಗಿತ್ತು. ಈಚೆಗೆ ಅಂಥ ಬೆಳಗುಗಳು ವಿರಳ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ತಲೆ ಎತ್ತದೆ ಹೇಳಿದಳು:

"ಜೊಂಡಿಗೆ ಯಾರೋ ನೀಲಿ ಗೊಬ್ಬರ ಹಾಕಿದಾರೆ."

ಅವನು ಕಾಫಿ ಬಟ್ಟಲು ಕೆಳಗಿಟ್ಟ. "ಯಾರವನು?"

"ಯಾರೋ. ಒಳಗೆ ಓಡಾಡೋನು. ಏನು ಮಾಡ್ಬೇಕು ಅವನಿಗೆ?"

"ಮಾಡೋದೇನು, ಬೀಗದಕೈ ಕಿತ್ಕೊಂಡು ಆಚೆಗೆ ಹಾಕೋದು."

"ವಯಸ್ಸಾಗಿದೆ ಅವನಿಗೆ."

"ವಯಸ್ಸಾದ್ರೆ ಮನೇಲಿರ್ಲಿ. ಊರಿನ ಮಕ್ಕಳು ಈಜೋ ನೀರು ಅದು."

ಆಲ್ಮೂಟ್ ಚಾಕು ಕೆಳಗಿಟ್ಟು ಅಂಗೈ ಚಾಚಿದಳು. "ಹಾಗಾದ್ರೆ ಕೊಡು, ಎನ್ನೋ."

ಅವನು ಅವಳ ಕೈ ನೋಡಿದ, ಮುಖ ನೋಡಿದ. "ನಾನಾ?"

"ನೀನೇ."

ಅವನು ಜೇಬಿನಿಂದ ಬೀಗದಕೈ ಗೊಂಚಲು ತೆಗೆದ. ಕೊಳದ ಬೀಗದಕೈಯನ್ನು ಅದರ ಬಳೆಯಿಂದ ಬಿಡಿಸಲು ಹೊತ್ತು ಹಿಡಿಯಿತು. ಅವಳು ನೆರವಾಗಲಿಲ್ಲ, ನೆರವಾದರೆ ಕಿತ್ತುಕೊಂಡಂತಾಗುತ್ತಿತ್ತು.

"ಜೊಂಡು ಕೊಯ್ದು ದೂರ ಸಾಗಿಸೋಕೆ ಹೇಳು. ಅಲ್ಲೇ ಕೊಳೆಯೋಕೆ ಬಿಟ್ರೆ ತಿಂದಿದ್ದನ್ನೆಲ್ಲ ಮತ್ತೆ ನೀರಿಗೇ ಕಕ್ಕತ್ತೆ" ಎಂದ ಅವನು.

"ಹೇಳ್ತೀನಿ."

ಅವನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಅಳು ಕೇಳಿಸಿತು. ಮದುವೆಯಾದಂದಿನಿಂದ ಅವನು ಅತ್ತದ್ದನ್ನು ಅವಳು ಕೇಳಿರಲಿಲ್ಲ. ಅವಳು ಬೆಣ್ಣೆ ಸವರಿದ ಬ್ರೆಡ್ಡನ್ನು ಮುಚ್ಚಿಟ್ಟು, ಫೋಲ್ಕ್‌ಮಾರ್‌ನ ಮನೆಗೆ ಹೋಗಿ ಬೀಗದಕೈ ಕೊಟ್ಟು ಬಂದಳು.

ಅತ್ತದ್ದು ಸಂಜೆಯ ಹೊತ್ತಿಗೆ ಅವನಿಗೆ ಮರೆತೇ ಹೋಗಿತ್ತು. ಮಾರನೆಯ ಬೆಳಿಗ್ಗೆ ಜೇಬು ತಡಕಿ, ಡ್ರಾಯರು ಎಳೆದು, "ನನ್ನ ಬೀಗದಕೈ ಎಲ್ಲಿ?" ಎಂದ. ಅವಳು ನಿಜ ಹೇಳಿದಳು. ಅವನು ಹಿಂದಿನ ದಿನದಷ್ಟೇ ಹೊಸದಾಗಿ ಅತ್ತ. ಅದರ ಮರುದಿನವೂ ಕೇಳಿದ. ಆಲ್ಮೂಟ್ ತೊಳೆದಿದ್ದ ಬಟ್ಟಲನ್ನೇ ಇನ್ನೊಂದು ಸಲ ತೊಳೆದಳು.

"ಫೋಲ್ಕ್‌ಮಾರ್ ಇಸ್ಕೊಂಡು ಹೋಗಿದಾನೆ. ಆಮೇಲೆ ತಂದು ಕೊಡ್ತಾನೆ."

"ಬೇಗ ತರ್ಲಿ. ತೂಬು ತೆರೀಬೇಕು" ಎಂದು ಎನ್ನೋ ಬೂಟು ಹಾಕಿಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತ.