ನೀರು ಹಿಂಡದ ಕೆಸರು

ಕೋವಿಡ್ ಕಳೆದ ಮರುವರ್ಷದ ಬೇಸಿಗೆ. ಶಿಕಾರಿಪುರದಿಂದ ಆನವಟ್ಟಿಗೆ ಹೋಗುವ ರಸ್ತೆಯ ಖಾಸಗಿ ಘಟಕವೊಂದರಲ್ಲಿ ನಾನು ಪರಿಸರ ಇಂಜಿನಿಯರ್ ಆಗಿದ್ದೆ. ಸುತ್ತಲಿನ ಸೆಪ್ಟಿಕ್ ಟ್ಯಾಂಕುಗಳ ಹೊಲಸು ಟ್ಯಾಂಕರಿನಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಅದರಲ್ಲಿ ಬಹುಪಾಲು ನೀರೇ. ಪಾಲಿಮರ್ ಎಂಬ ರಾಸಾಯನಿಕ ಬೆರೆಸಿದರೆ ಕೆಸರು ಒಡೆದ ಹಾಲಿನಂತೆ ಗಂಟುಗಟ್ಟಿ ನೀರು ಬಿಡುತ್ತದೆ. ಅದನ್ನು ಬೆಲ್ಟ್ ಪ್ರೆಸ್ ಯಂತ್ರ ಎರಡು ಪಟ್ಟಿಗಳ ನಡುವೆ ಹಿಂಡುತ್ತದೆ. ಆಮೇಲೆ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿಸಿ, ಪರೀಕ್ಷೆ ಮಾಡಿಸಿದ ಮೇಲಷ್ಟೇ ಗೊಬ್ಬರ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಸೂಪರ್‌ವೈಸರನಿಗೆ ಕೋಣನ ಮುಂದೆ ಕಿನ್ನರಿ.

ಆ ಬೇಸಿಗೆಯಲ್ಲಿ ಯಂತ್ರದ ಪಟ್ಟಿ ಹರಿದು, ಹಿಂಡದ ಕೆಸರು ತೊಟ್ಟಿಗಳಲ್ಲಿ ತುಂಬಿಕೊಂಡಿತು. ಹೊಸ ಪಟ್ಟಿ ತರಲು ನಾನು ಶಿವಮೊಗ್ಗಕ್ಕೆ ಹೋದ ದಿನ ಈ ಮಹಾಶಯ ಪಕ್ಕದ ರೈತ ಬಸವಣ್ಯಪ್ಪನಿಗೆ ಹಸಿ ಕೆಸರನ್ನೇ ಕೊಟ್ಟುಬಿಟ್ಟ. ಬಸವಣ್ಯಪ್ಪ ಕೆಟ್ಟವನಲ್ಲ. ಬೇಸಿಗೆಯಲ್ಲಿ ಹೊಲಕ್ಕೆ ಕೆರೆ ಹೂಳು ಹೊಡೆದು, ಮೇಲೆ ಕುರಿ ಮಂದೆ ತಂಗಿಸಿ ಹಿಕ್ಕೆ ಬೀಳಿಸಿಕೊಳ್ಳುವುದು ಇಲ್ಲಿನ ರೂಢಿ. ಇದನ್ನೂ ಹೂಳೆಂದೇ ಹರಡಿ, ಚಂದ್ರಗುತ್ತಿ ಕಡೆಯ ಗುತ್ಯಪ್ಪನ ಮಂದೆಗೆ ಹೇಳಿಕಳಿಸಿದ್ದ.

ಸಂಜೆ ನಾನು ಬರುವಷ್ಟರಲ್ಲಿ ಕುರಿಗಳು ಹೊಲದಲ್ಲಿದ್ದವು. ಹೆಚ್ಚಿನವು ಗಬ್ಬದವು. ಕೆಸರಿನಿಂದ ಬಸಿದು ಸಾಲುಗಳಲ್ಲಿ ನಿಂತ ನೀರಿಗೆ ಬಾಯಿ ಹಾಕಿದ್ದವು.

“ಮೊದ್ಲು ಕುರಿ ಹೊಡ್ಕೊಂಡು ಹೋಗ್ರೀ ಇಲ್ಲಿಂದ” ಎಂದು ಕೂಗಿದೆ.

“ನಾವೇನು ಕರೀದೆ ಬಂದಿದೀವಾ ಮೇಡಂ? ಬಾಯಾರಿದಾವೆ, ಕುಡೀಲಿ ಬಿಡ್ರೀ” ಎಂದ ಗುತ್ಯಪ್ಪ.

ಅದು ಎಂಥ ನೀರೆಂದು ಬಿಡಿಸಿ ಹೇಳಿದೆ. ಅವನ ಮುಖ ಬಿಳಿಚಿತು. ತಕ್ಷಣ ಮಂದೆಯನ್ನು ಅಂಬ್ಲಿಗೊಳದ ಕಾಲುವೆ ಕಡೆ ಹೊಡೆದ. ಅಲ್ಲೇ ನಿಂತಿದ್ದ ಬಸವಣ್ಯಪ್ಪ ಬದುವಿನ ಮೇಲೆ ಕುಸಿದು ಕೂತ. “ಹೂಳಿನಂಗೇ ಇತ್ತಲ್ರೀ” ಎಂದಷ್ಟೇ ಹೇಳಿದ.

ಕೆಲವು ದಿನಗಳಲ್ಲಿ ಕುರಿಗಳಿಗೆ ಭೇದಿ ಹತ್ತಿತು. ಗಬ್ಬದವು ತಿಂಗಳು ತುಂಬುವ ಮೊದಲೇ ಕಂದು ಹಾಕತೊಡಗಿದವು. ಪಶುವೈದ್ಯರು ಕೈಲಾದದ್ದು ಮಾಡಿದರು. ಆದರೂ ಕೆಲವು ಸತ್ತವು. ಆ ಮಂದೆ ಬಿಟ್ಟರೆ ಗುತ್ಯಪ್ಪನಿಗೆ ಬೇರೆ ಬದುಕಿರಲಿಲ್ಲ. ನಾನು ಕಾಲುವೆ ಬಳಿ ಹೋದಾಗ ಅವನ ಹೆಂಡತಿ ನಾಗಮ್ಮ, ದಿನ ತುಂಬದೆ ಬಿದ್ದ ಮರಿಯೊಂದನ್ನು ಹೂಳಲು ಎತ್ತಿಕೊಳ್ಳುತ್ತಿದ್ದಳು. ರೋಗ ಅಂಟುತ್ತದೆಂದು ಹೆದರಿ, “ಬರಿಗೈಲಿ ಮುಟ್ಬೇಡಮ್ಮ” ಎಂದೆ.

“ತಾಯಿ ಇನ್ನೂ ನೆಕ್ತಾ ನಿಂತೈತೆ. ನಾ ಮುಟ್ಬಾರ್ದೇನ್ರೀ?” ಎಂದಳು.

ನಾನು ತಂದಿದ್ದ ಕೈಗವಸು ನನ್ನ ಕೈಯಲ್ಲೇ ಉಳಿಯಿತು. ಅಷ್ಟು ಸಂಕಟ ನನಗೆ ಕೆಲಸದಲ್ಲಿ ಎಂದೂ ಆಗಿರಲಿಲ್ಲ.

ಘಟಕದೊಳಗೆ ಇರುವಾಗ ಅದು ಕೆಸರು. ಗೇಟು ದಾಟಿದರೆ ಯಾವುದೋ ಜೀವ ಅದನ್ನು ನೀರೆಂದೇ ನಂಬುತ್ತದೆ. ನನಗೆ ಈ ಕೆಲಸ ಕಲಿಸಿದ್ದು ಅದನ್ನೇ. ಈಗಲೂ ಯಾರಾದರೂ ಟ್ರ್ಯಾಕ್ಟರ್ ತಂದು, “ಸ್ವಲ್ಪ ಹಸಿ ಇದ್ರೂ ನಡೀತೈತಿ, ಕೊಡ್ರೀ” ಎಂದರೆ ನಾನೇ ಹೋಗಿ ಗೇಟಿಗೆ ಅಡ್ಡ ನಿಲ್ಲುತ್ತೇನೆ. ಜಿಗುಟು ಹೆಂಗಸು ಎಂದು ಬೈದುಕೊಂಡು ಹೋಗುತ್ತಾರೆ. ಬೈಯಲಿ.